ನಿಂತಂತೆ ಕಂಡ ಚಕ್ರ

ನಮ್ಮ ಅತ್ತೆಯ ಕೈ ಜಜ್ಜಿಹೋದದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಆಮೇಲೆ ನೋಡಿಕೊಂಡು ಹೋಗಲು ಬಂದವರೆಲ್ಲ ಕರೆಂಟ್ ಹೋಗಿತ್ತಾ, ಕತ್ತಲಿತ್ತಾ ಎಂದೇ ಕೇಳಿದರು. ಕರೆಂಟೂ ಇತ್ತು, ಬಲ್ಬೂ ಉರಿಯುತ್ತಿತ್ತು. ಅದೂ ಹೊಸ ಬಲ್ಬು, ನಾಲ್ಕು ದಿನದ ಹಿಂದೆ ನಾನೇ ತಂದು ಹಾಕಿಸಿದ್ದು.

ಸರಸ್ವತಿಪುರಂನ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಹಿಟ್ಟಿನ ಮಿಷನ್ನು. ಎದುರಿಗೆ ಒಂದು ಟ್ಯುಟೋರಿಯಲ್, ಪಕ್ಕದಲ್ಲಿ ಒಂದು ಮೆಸ್ಸು, ಹಿಂದೆ ಸಣ್ಣ ಅಂಗಳ ದಾಟಿದರೆ ನಮ್ಮ ಮನೆ. ಇಲವಾಲದಲ್ಲಿ ಹೊಲ ಉಳುತ್ತಿದ್ದ ಮಾವ ಮೈಸೂರಿಗೆ ಬಂದು ಇದನ್ನು ಶುರು ಮಾಡಿದರಂತೆ. ಅವರು ತೀರಿಕೊಂಡ ಮೇಲೆ ನಡೆಸಿದ್ದು ಅತ್ತೆ. ನಮ್ಮವರು ಕಾಲೇಜೊಂದರ ಆಫೀಸಿನಲ್ಲಿದ್ದಾರೆ, ಹಿಟ್ಟಿನ ಗಾಳಿ ಸೋಕಿದರೆ ಸೀನಿ ಸೀನಿ ಸುಸ್ತಾಗುವ ಪೈಕಿ. ಹಾಗಾಗಿ ಮಿಷನ್ನು ಅತ್ತೆಯದು, ನಾನು ಅಲ್ಲಿ ಹದಿನೆಂಟು ವರ್ಷದಿಂದ ಡಬ್ಬ ತೂಗುವವಳು. ಹದಿನೆಂಟು ವರ್ಷ ತೂಗಿದ ಮೇಲೂ ಅತ್ತೆ ನನಗೆ ಕಲ್ಲಿನ ಹಿಡಿ ತಿರುಗಿಸಲು ಬಿಡುತ್ತಿರಲಿಲ್ಲ. ನುಣುಪೋ ತರಿಯೋ ಎಂಬುದನ್ನು ಅವರೇ ಎರಡು ಬೆರಳಲ್ಲಿ ಉಜ್ಜಿ ನೋಡಬೇಕು. ಇದರ ಬಗ್ಗೆ ನನಗೆ ಹೊಟ್ಟೆಯಲ್ಲಿ ಉರಿ ಇತ್ತು. ಈಗ ಒಪ್ಪಿಕೊಂಡರೆ ತಪ್ಪೇನಿಲ್ಲ.

ಮುಂದಿನ ಕೋಣೆಯಲ್ಲಿ ಗಿರಾಕಿಗಳು, ಹಿಂದಿನ ಕೋಣೆಯಲ್ಲಿ ಎರಡು ಮಿಷನ್ನು. ಒಂದು ರಾಗಿ ಗೋಧಿಗೆ, ದಿನವಿಡೀ ಗುಡುಗುತ್ತಿರುತ್ತದೆ. ಇನ್ನೊಂದು ಖಾರದಪುಡಿಗೆ, ವಾರಕ್ಕೊಮ್ಮೆ ಓಡಿದರೆ ಹೆಚ್ಚು. ಖಾರದ ಮಿಷನ್ನಿನ ಮೋಟಾರಿಗೆ ಒಂದು ದೊಡ್ಡ ಕಬ್ಬಿಣದ ಚಕ್ರ, ಚಕ್ರಕ್ಕೆ ನಾಲ್ಕು ಕಡ್ಡಿ. ಅದಕ್ಕೆ ಮುಚ್ಚಲು ಒಂದು ತಗಡಿನ ಕವಚವಿತ್ತು, ಬೆಲ್ಟು ಬಿಗಿ ಮಾಡುವಾಗಲೆಲ್ಲ ಬಿಚ್ಚಬೇಕು ಎಂದು ಮಾವನ ಕಾಲದಲ್ಲೇ ತೆಗೆದು ಅಟ್ಟಕ್ಕೆ ಹಾಕಿದ್ದರು. ಸ್ವಿಚ್ಚು ಆರಿಸಿದರೂ ಆ ಭಾರದ ಚಕ್ರ ಬೇಗ ನಿಲ್ಲುವುದಿಲ್ಲ. ಒಬ್ಬರ ಮೆಣಸಿನಕಾಯಿ ಆದ ಮೇಲೆ ಇನ್ನೊಬ್ಬರ ಧನಿಯ ಹಾಕುವ ಮುಂಚೆ ಒಳಗೆ ಗುಡಿಸಬೇಕಲ್ಲ, ಅಷ್ಟು ಹೊತ್ತು ಕಾಯುವವರು ಯಾರು? ಅತ್ತೆ ಕೆಂಪು ಗುಂಡಿ ಒತ್ತಿ, ಚಕ್ರ ನಿಧಾನಕ್ಕೆ ಬಂದು ಕಡ್ಡಿಗಳು ಒಂದೊಂದಾಗಿ ಕಣ್ಣಿಗೆ ಕಾಣುವವರೆಗೆ ನಿಂತು, ಆಮೇಲೆ ಮಡಿಸಿದ ಗೋಣಿತಾಟನ್ನು ಅದರ ಅಂಚಿಗೆ ಒತ್ತುತ್ತಿದ್ದರು. ಚಕ್ರ ಕೀರ್ ಎಂದು ನಿಲ್ಲುತ್ತಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದು ಹೀಗೇ.

ಆ ಕೋಣೆಗೆ ಕಿಟಕಿಯಿಲ್ಲ. ಅಂಗಳದ ಕಡೆ ಒಂದು ಬಾಗಿಲಿದೆ, ಖಾರದ ಘಾಟಿಗೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆಂದು ಮೆಣಸಿನಕಾಯಿ ಹಾಕಿದ ದಿನ ಮುಚ್ಚಿಯೇ ಇರುತ್ತದೆ. ಚಕ್ರದ ಮೇಲೆ ತೂಗುಬಿದ್ದಿದ್ದ ಹಳೆಯ ಹಳದಿ ಬಲ್ಬು ಹಿಟ್ಟು ಮೆತ್ತಿಕೊಂಡು ಮಂಕಾಗಿತ್ತು. ಅದನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿಸುತ್ತೇನೆ ಎಂದಾಗ ಅತ್ತೆ ಬೇಡ ಎಂದಿದ್ದರು. ಕಾರಣ ಕೇಳಿದರೆ ಹೇಳಲಿಲ್ಲ, ಅಭ್ಯಾಸವಾಗಿದೆ ಬುಡು ಎಂದರು. ನಾನು ಹಟಕ್ಕೆ ಬಿದ್ದು ರಸ್ತೆಬದಿಯ ಗಾಡಿಯಲ್ಲಿ ಸಿಕ್ಕಿದ ಅಗ್ಗದ ಬಲ್ಬೊಂದನ್ನು ತಂದೆ. ಕೋಣೆಯೆಲ್ಲ ಹಾಲು ಚೆಲ್ಲಿದಂತೆ ಬೆಳಗಿತು. ನೋಡಿ ಅತ್ತೆ, ಈಗ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ನಾಲ್ಕು ಜನ ಗಿರಾಕಿಗಳ ಮುಂದೆ ಹೇಳಿದೆ.

ಆ ಬಲ್ಬಿನ ಕೆಳಗೆ ಖಾರದ ಮಿಷನ್ನು ಮೊದಲ ಸಲ ಓಡಿದ್ದು ಆ ಬುಧವಾರ. ನಾನು ಮುಂದೆ ಯಾದವಗಿರಿಯ ಬಂಗಲೆಯೊಂದರಿಂದ ಬಂದ ಅಡುಗೆಯವರ ಗೋಧಿ ತೂಗುತ್ತಿದ್ದೆ. ಹಿಂದಿನಿಂದ ಒಂದು ಶಬ್ದ ಬಂತು, ರಾಗಿ ಮಿಷನ್ನಿನ ಗುಡುಗನ್ನೂ ಮೀರಿ. ಓಡಿದೆ. ಗೋಣಿತಾಟು ಗೋಡೆಗೆ ಹೋಗಿ ಬಿದ್ದಿತ್ತು. ಅತ್ತೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಚಕ್ರವನ್ನೇ ನೋಡುತ್ತ ಕೂತಿದ್ದರು. ಅಳುತ್ತಿರಲಿಲ್ಲ. ಎರಡು ಬೆರಳಿನ ಮೂಳೆ ಮುರಿದಿತ್ತು, ಅಂಗೈ ಸುಲಿದು ಹೋಗಿತ್ತು. ನಾನು ಮೇನ್ ಸ್ವಿಚ್ಚನ್ನೇ ಎಳೆದು ಎರಡೂ ಮಿಷನ್ನು ನಿಲ್ಲಿಸಿದೆ. ಆ ನಿಶ್ಶಬ್ದದಲ್ಲಿ ಅವರು ಒಂದೇ ಮಾತು ಹೇಳಿದರು.

"ನಿಂತೋಗ್ತಿತ್ತು ಕಣಮ್ಮ. ಕಣ್ಣಾರೆ ಕಂಡೆ."

ಅಂದು ಸಂಜೆ ಕೈಗೆ ಕಟ್ಟು ಹಾಕಿಸಿಕೊಂಡು ಬಂದ ಮೇಲೆ ನಮ್ಮವರು ವಿಚಾರಣೆಗೆ ಕೂತರು. ಗುಂಡಿ ಒತ್ತಿದ್ದೆಯಾ ಎಂದರೆ ಒತ್ತಿದ್ದೆ ಎಂದರು. ಹಾಗಾದರೆ ಮೋಟಾರು ಹೇಗೆ ಓಡುತ್ತಿತ್ತು ಎಂದರೆ ಗೊತ್ತಿಲ್ಲ. ಚಕ್ರದ ಕಡ್ಡಿಗಳು ಕಾಣುತ್ತಿದ್ದವು, ಮೆಲ್ಲಗೆ ತೆವಳುತ್ತಿದ್ದವು, ಅದೂ ಹಿಂದುಮುಂದಾಗಿ, ಹಿಂದಕ್ಕೆ ತಿರುಗುತ್ತಿದ್ದವು ಎಂದರು. ಹಿಂದಕ್ಕೆ ಎಂದ ಕೂಡಲೇ ನಮ್ಮವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಮ್ಮ ಮಿಷನ್ನಿನ ಚಕ್ರ ಹಿಂದಕ್ಕೆ ತಿರುಗುವುದೇ ಇಲ್ಲ. ಅಲ್ಲಿಗೆ ತೀರ್ಮಾನವಾಗಿ ಹೋಯಿತು. ಮೊದಲು ಕಣ್ಣು, ಕಣ್ಣಲ್ಲದಿದ್ದರೆ ತಲೆ.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇದೆ ಎಂದರು. ಅದು ಒಳ್ಳೆಯ ಸುದ್ದಿಯಾಗಬೇಕಿತ್ತು, ನಮ್ಮ ಮನೆಯಲ್ಲಿ ಕೆಟ್ಟ ಸುದ್ದಿಯಾಯಿತು. ಕಣ್ಣಲ್ಲ ಅಂದ ಮೇಲೆ ಉಳಿದದ್ದು ತಲೆಯೇ ತಾನೇ. ನಮ್ಮವರು ದೊಡ್ಡ ಡಾಕ್ಟರಿಗೆ ತೋರಿಸಬೇಕು ಎನ್ನತೊಡಗಿದರು. ಅಲ್ಲಿಯವರೆಗೆ ಅತ್ತೆ ಮಿಷನ್ನಿನ ಕೋಣೆಗೆ ಕಾಲಿಡಕೂಡದು. ಇದನ್ನು ಅವರು ತಾಯಿಗೆ ಹೇಳಿದ ರೀತಿ ಒರಟಾಗಿತ್ತು. ಹೆದರಿದ್ದರು, ಅದಕ್ಕೇ ಒರಟು. ಅತ್ತೆ ಸೊಂಟದಲ್ಲಿದ್ದ ಬೀಗದ ಕೈಯನ್ನು ಎಡಗೈಯಲ್ಲಿ ಬಿಚ್ಚಲು ಆಗದೆ ನನ್ನ ಕಡೆ ತಿರುಗಿದರು. ನಾನೇ ಬಿಚ್ಚಿಕೊಂಡೆ.

ಮರುದಿನದಿಂದ ಮಿಷನ್ನು ನನ್ನದು. ಬಂದವರು ಪಾಪ ಎಂದರು, ನಾನೂ ಪಾಪ ಎಂದೆ. ಆದರೆ ಕಲ್ಲಿನ ಹಿಡಿ ಹಿಡಿದಾಗ, ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ಇನ್ನೊಂದು ಸುತ್ತು ನುಣುಪು ಬೇಕು ಎಂದು ನಾನೇ ತೀರ್ಮಾನಿಸಿದಾಗ ಆದ ಸಂತೋಷ ಸುಳ್ಳಲ್ಲ. ಖಾರದ ಮಿಷನ್ನನ್ನು ಮಾತ್ರ ಮುಟ್ಟಲಿಲ್ಲ. ಮೆಕ್ಯಾನಿಕ್ ಬಂದು ಅವತ್ತು ಕಿತ್ತು ಹೋಗಿದ್ದ ಬೆಲ್ಟು ಹಾಕಿಕೊಟ್ಟ. ಗುಂಡಿ ಒತ್ತಿ ನೋಡಿದ, ಸರಿಯಾಗಿ ನಿಂತಿತು. ಅಜ್ಜಿ ಒತ್ತುವುದನ್ನೇ ಮರೆತಿರಬೇಕು ಎಂದು ಅವನೂ ಹೇಳಿ ಹೋದ.

ಮೂರನೆಯ ವಾರದಲ್ಲಿ, ಮೆಸ್ಸಿನವರು ಎರಡು ಚೀಲ ಮೆಣಸಿನಕಾಯಿ ತಂದಿಳಿಸಿದರು. ಬೇರೆ ಕಡೆಗೆ ಕಳಿಸಲು ಮನಸ್ಸಾಗಲಿಲ್ಲ. ಹಿಂದಿನ ಬಾಗಿಲು ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಖಾರದ ಮಿಷನ್ನು ಹಾಕಿದೆ. ಪಕ್ಕದಲ್ಲಿ ರಾಗಿ ಮಿಷನ್ನು ಗುಡುಗುತ್ತಲೇ ಇತ್ತು. ಮೆಣಸಿನಕಾಯಿ ಮುಗಿಯಿತು. ಕೆಂಪು ಗುಂಡಿ ಒತ್ತಿದೆ. ಚಕ್ರದ ಹತ್ತಿರ ಬಂದು ನೋಡಿದೆ. ಕಡ್ಡಿಗಳು ಕಾಣುತ್ತಿದ್ದವು. ನಾಲ್ಕೂ ಬೇರೆ ಬೇರೆಯಾಗಿ, ಎಣಿಸಬಹುದಾದ ಹಾಗೆ. ಇನ್ನೇನು ನಿಂತುಬಿಡುತ್ತವೆ ಅನ್ನುವಷ್ಟು ನಿಧಾನ. ಗೋಣಿತಾಟು ಮಡಿಸಿ ಬಗ್ಗಿದೆ.

ಆಗ ಹಿಂದಿನ ಬಾಗಿಲು ತೆರೆಯಿತು. ಅತ್ತೆ ನನಗೆ ಕಾಫಿ ತಂದಿದ್ದರು. ಬಲಗೈಗೆ ಕಟ್ಟು ಇದ್ದುದರಿಂದ ಮೊಣಕೈಯಿಂದ ಬಾಗಿಲು ನೂಕಿ ಹೊಸ್ತಿಲಿನಾಚೆಯೇ ನಿಂತಿದ್ದರು, ಒಳಗೆ ಬರುವಂತಿಲ್ಲವಲ್ಲ. ಅಂಗಳದ ಬಿಸಿಲು ನೇರವಾಗಿ ಬಂದು ಚಕ್ರದ ಮೇಲೆ ಬಿತ್ತು. ಬಿದ್ದ ಕೂಡಲೇ ನನ್ನ ಕಣ್ಣೆದುರಿಗೇ ಕಡ್ಡಿಗಳು ಕರಗಿ ಹೋದವು. ನಾಲ್ಕು ಕಡ್ಡಿ ಇದ್ದ ಜಾಗದಲ್ಲಿ ಮಸುಕಾದ ಬೂದು ಬಣ್ಣದ ಒಂದು ತಟ್ಟೆ ಮಾತ್ರ ಉಳಿಯಿತು. ಚಕ್ರ ಪೂರಾ ವೇಗದಲ್ಲಿ ಓಡುತ್ತಿತ್ತು. ಗೋಣಿತಾಟು ಅದರ ಅಂಚಿಗೆ ಒಂದು ಗೇಣಿನಷ್ಟು ದೂರದಲ್ಲಿತ್ತು.

ಕೈ ಹಿಂದಕ್ಕೆಳೆದುಕೊಂಡೆ. ಯಾಕಮ್ಮ ಅಂಗ್ ನೋಡ್ತಿದ್ದೀಯ ಎಂದು ಅತ್ತೆ ಕೇಳಿದರು. ಏನಿಲ್ಲ ಅತ್ತೆ, ಕಾಫಿ ಅಲ್ಲೇ ಇಡಿ ಎಂದೆ. ಅವರು ಲೋಟವನ್ನು ಹೊಸ್ತಿಲ ಮೇಲಿಟ್ಟು ಬಾಗಿಲು ಎಳೆದುಕೊಂಡು ಹೋದರು. ಬಾಗಿಲು ಮುಚ್ಚಿದೊಡನೆ ಬಿಳಿ ಬೆಳಕಿನಲ್ಲಿ ಕಡ್ಡಿಗಳು ಮತ್ತೆ ಹುಟ್ಟಿಕೊಂಡವು. ನಾಲ್ಕೂ ಮೆಲ್ಲಗೆ ತೆವಳುತ್ತಿದ್ದವು, ಹಿಂದಕ್ಕೆ.

ನಾನು ಹೋಗಿ ಬಾಗಿಲು ತೆಗೆದೆ, ಕಡ್ಡಿ ಮಾಯ. ಮುಚ್ಚಿದೆ, ಬಂದವು. ಹೀಗೆ ನಾಲ್ಕೈದು ಸಲ ಮಾಡಿದೆ. ಆಮೇಲೆ ಸ್ಟಾರ್ಟರಿನ ಕೆಂಪು ಗುಂಡಿಯನ್ನು ನೋಡಿದರೆ, ಸುತ್ತ ಹಿಟ್ಟು ಗಟ್ಟಿಯಾಗಿ ಕಟ್ಟಿಕೊಂಡು ಅದು ಒಳಗೆ ಪೂರ್ತಿ ಹೋಗದೆ ಸಿಕ್ಕಿಕೊಂಡಿತ್ತು. ಒಮ್ಮೊಮ್ಮೆ ಸರಿಯಾಗಿ ಹೋಗುತ್ತಿತ್ತು, ಮೆಕ್ಯಾನಿಕ್ ಒತ್ತಿದಾಗ ಆದದ್ದು ಅದೇ. ಅತ್ತೆ ಒತ್ತಿದ್ದರು. ಅವರು ಕಂಡೆ ಎಂದಿದ್ದೆಲ್ಲವನ್ನೂ ಕಂಡಿದ್ದರು.

ನಮ್ಮ ಬೀದಿಯಲ್ಲಿ ವೈರಿಂಗ್ ಕೆಲಸ ಮಾಡುವವರೊಬ್ಬರಿದ್ದಾರೆ. ಅಂದು ಮಧ್ಯಾಹ್ನವೇ ಅವರನ್ನು ತಡೆದು, ಯಾರದೋ ವಿಷಯ ಎಂಬಂತೆ ಕೇಳಿದೆ. ಅವರಿಗೆ ಅದು ಹೊಸದೇ ಆಗಿರಲಿಲ್ಲ. ಅಗ್ಗದ ಬಲ್ಬು ನಮಗೆ ಒಂದೇ ಸಮ ಉರಿಯುವಂತೆ ಕಂಡರೂ ಸೆಕೆಂಡಿಗೆ ನೂರು ಸಲ ಆರಿ ಹೊತ್ತುತ್ತದಂತೆ. ನಡುವಿನ ಕತ್ತಲೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಒಂದು ಸಲ ಬೆಳಕಾಗಿ ಇನ್ನೊಂದು ಸಲ ಬೆಳಕಾಗುವಷ್ಟರಲ್ಲಿ ಒಂದು ಕಡ್ಡಿ ಇದ್ದ ಜಾಗಕ್ಕೆ ಹಿಂದಿನ ಕಡ್ಡಿ ಹೆಚ್ಚುಕಮ್ಮಿ ಬಂದುಬಿಟ್ಟಿರುತ್ತದೆ. ಕಡ್ಡಿಗಳೆಲ್ಲ ಒಂದೇ ಥರ. ಅದು ಬೇರೆ ಕಡ್ಡಿ ಎಂದು ಕಣ್ಣಿಗೆ ಹೇಳುವವರು ಯಾರು? ಅದೇ ಕಡ್ಡಿ, ಅಲ್ಲೇ ಇದೆ ಎಂದುಕೊಳ್ಳುತ್ತದೆ. ಸರಿಯಾಗಿ ಆ ಜಾಗ ಮುಟ್ಟದೆ ಒಂದು ಕೂದಲೆಳೆ ಹಿಂದೆ ಉಳಿದರೆ, ಚಕ್ರ ಹಿಂದಕ್ಕೆ ಹೋಗುತ್ತಿದೆ ಎಂದುಕೊಳ್ಳುತ್ತದೆ. ಬಿಸಿಲು ಹೀಗೆ ಆರಿ ಹೊತ್ತುವುದಿಲ್ಲ. ಹಳೆಯ ಹಳದಿ ಬಲ್ಬಿನ ತಂತಿಯೂ ಕಾದೇ ಇರುವುದರಿಂದ ಪೂರ್ತಿ ಆರುವುದಿಲ್ಲ. ಮಿಷನ್ನಿನ ಮೇಲೆ ಇಂಥ ಬಲ್ಬು ಯಾರು ಹಾಕಿದರು ಎಂದು ಅವರು ಕೇಳಿದರು. ನನಗೆ ಗೊತ್ತಿರುವವರು ಎಂದೆ.

ನಾನು ಆವರೆಗೆ ಕಣ್ಣೆಂದರೆ ಕಿಟಕಿ ಎಂದುಕೊಂಡಿದ್ದೆ, ಹೊರಗಿದ್ದದ್ದು ಒಳಗೆ ಕಾಣುತ್ತದೆ, ಅಷ್ಟೆ. ಹಾಗಲ್ಲ. ಅದಕ್ಕೆ ಸಿಗುವುದು ಚೂರುಗಳು. ಚೂರುಗಳನ್ನು ಸೇರಿಸಿ ಓಡುತ್ತಿದೆ, ನಿಂತಿದೆ ಎಂದು ತೀರ್ಪು ಕೊಡುವುದು ಅದೇ. ಅರ್ಧಂಬರ್ಧ ಕೇಳಿಸಿಕೊಂಡು ಪೂರ್ತಿ ಕಥೆ ಹೇಳುವ ಅಕ್ಕಪಕ್ಕದ ಮನೆಯವರ ಹಾಗೆ. ನಾವು ಅತ್ತೆಯ ವಿಷಯದಲ್ಲಿ ಮಾಡಿದ್ದೂ ಅದನ್ನೇ.

ಇಷ್ಟು ತಿಳಿದ ಮೇಲೆ ಯಾರಾದರೂ ಮನೆಗೆ ಓಡಿ ಹೋಗಿ ಹೇಳುತ್ತಾರೆ. ನಾನು ಹೇಳಲಿಲ್ಲ. ಹಳೆಯ ಹಳದಿ ಬಲ್ಬನ್ನು ಒರೆಸಿ ಮತ್ತೆ ಹಾಕಿದೆ, ಗುಂಡಿಯ ಸುತ್ತಲಿನ ಹಿಟ್ಟು ಕೆರೆದು ತೆಗೆದೆ, ಬಿಳಿ ಬಲ್ಬನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಖಾಲಿ ಡಬ್ಬದೊಳಗಿಟ್ಟೆ. ಅಪಾಯ ಹೋಯಿತು. ಅತ್ತೆಯ ಮೇಲಿನ ತೀರ್ಪು ಹಾಗೇ ಉಳಿಯಿತು. ಇವತ್ತು ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದು ದಿನ ದೂಡಿದೆ. ಬಲ್ಬು ತಂದವಳು ನಾನು ಎಂಬ ಭಯ ಒಂದು. ಬೀಗದ ಕೈ ವಾಪಸು ಕೊಡಬೇಕಲ್ಲ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದು. ಹೀಗೆ ಎಂಟು ದಿನ ಕಳೆಯಿತು.

ಆ ಎಂಟು ದಿನ ಅತ್ತೆಯನ್ನು ನೋಡುವುದು ಕಷ್ಟವಾಗಿತ್ತು. ಅವರು ಗೋಡೆ ಸವರಿಕೊಂಡು ನಡೆಯತೊಡಗಿದ್ದರು. ಫ್ಯಾನು ಆರಿಸಿದ ಮೇಲೆ ಅದರ ಕೆಳಗೆ ಕತ್ತೆತ್ತಿ ನಿಂತಿರುತ್ತಿದ್ದರು, ನಿಂತಿತೋ ಇಲ್ಲವೋ ಎಂದು. ನಲ್ಲಿಯ ನೀರು ಬೀಳುತ್ತಿರುವುದು ಕಂಡರೂ ಬೆರಳು ಚಾಚಿ ಮುಟ್ಟಿ ನೋಡುತ್ತಿದ್ದರು. ನಮ್ಮವರು ಇದನ್ನೆಲ್ಲ ಗಮನಿಸಿ ನನಗೆ ಮಾತ್ರ ಕೇಳುವಂತೆ, ನೋಡಿದೆಯಾ, ಜಾಸ್ತಿಯಾಗುತ್ತಿದೆ ಎಂದರು. ದೊಡ್ಡ ಡಾಕ್ಟರ ಹತ್ತಿರ ಸೋಮವಾರಕ್ಕೆ ಹೆಸರು ಬರೆಸಿಯೂ ಬಂದರು.

ಶನಿವಾರ ಬೆಳಿಗ್ಗೆ ಕಟ್ಟು ಬಿಚ್ಚಿಸಿಕೊಂಡು ಬರಲು ಅತ್ತೆಯನ್ನು ಕರೆದುಕೊಂಡು ಹೊರಟೆ. ಮೇನ್ ರೋಡು ದಾಟಿದರೆ ಆಚೆ ಬದಿಯಲ್ಲಿ ಆಟೋ ಸಿಗುತ್ತದೆ. ಆ ರಸ್ತೆಯನ್ನು ಅವರು ತಲೆಯ ಮೇಲೆ ಮೂಟೆ ಹೊತ್ತು, ಎರಡು ಬಸ್ಸುಗಳ ನಡುವೆ ಸರಸರ ದಾಟಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂದು ಅಂಚಿನಲ್ಲಿ ನಿಂತವರು ಹೆಜ್ಜೆ ಎತ್ತಲೇ ಇಲ್ಲ. ದೂರದ ಸ್ಟಾಪಿನಲ್ಲಿ ಸಿಟಿ ಬಸ್ಸೊಂದು ನಿಂತಿತ್ತು. ಜನ ಹತ್ತುತ್ತಿದ್ದರು. ಬನ್ನಿ ಅತ್ತೆ, ನಿಂತಿದೆ ಎಂದೆ. ಅವರು ಎಡಗೈಯಲ್ಲಿ ನನ್ನ ರಟ್ಟೆ ಹಿಡಿದುಕೊಂಡರು. ಆ ಹಿಡಿತಕ್ಕೆ ನೋವಾಯಿತು.

"ನಿಂತದೆ ಅಂತ ನಂಗೂ ಕಾಣ್ತದೆ ಕಣಮ್ಮ. ಅವತ್ತೂ ಅಂಗೇ ಕಂಡಿತ್ತು."

ನಾನು ಅಲ್ಲೇ ಅವರ ಕೈ ಹಿಡಿದು ಹಿಂದಕ್ಕೆ ತಿರುಗಿದೆ. ಆಸ್ಪತ್ರೆಗೆ ಹೊತ್ತಾಗುತ್ತದೆ ಎಂದು ಅವರು ಹೇಳುತ್ತಲೇ ಇದ್ದರು. ಮಿಷನ್ನಿನ ಬೀಗ ತೆಗೆದು, ಮುಂದಿನ ಶಟರ್ ಅರ್ಧಕ್ಕೆ ಇಳಿಸಿ, ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಹೊಸ್ತಿಲ ಹತ್ತಿರ ನಿಂತುಬಿಟ್ಟರು, ಅವನು ಬಯ್ತಾನೆ ಎಂದರು. ಬಯ್ಯಲಿ ಎಂದು ಒಳಗೆ ಕರೆದುಕೊಂಡೆ. ಹಳದಿ ಬಲ್ಬು ಬಿಚ್ಚಿ, ಡಬ್ಬದಿಂದ ಬಿಳಿ ಬಲ್ಬು ತೆಗೆದು ಹಾಕಿದೆ. ಮಿಷನ್ನು ಹಾಕಿದೆ. ಚಕ್ರ ವೇಗ ಹಿಡಿಯಿತು, ಕಡ್ಡಿಗಳು ಮಸುಕಾದವು, ಮತ್ತೆ ಮೆಲ್ಲಗೆ ಒಂದೊಂದಾಗಿ ಕಾಣಿಸಿಕೊಂಡು ಹಿಂದಕ್ಕೆ ತೆವಳತೊಡಗಿದವು. ಅತ್ತೆ ಗೋಡೆಗೆ ಒರಗಿದರು.

ಓಡುತ್ತಿದೆಯಾ, ನಿಲ್ಲುತ್ತಿದೆಯಾ ಎಂದು ಅವರ ಕಿವಿಯ ಹತ್ತಿರ ಕೇಳಿದೆ. ಪೊರಕೆಯಿಂದ ಉದ್ದನೆಯ ಕಡ್ಡಿಯೊಂದನ್ನು ಎಳೆದುಕೊಂಡು, ದೂರ ನಿಂತು ಚಕ್ರದೊಳಕ್ಕೆ ಚಾಚಿದೆ. ಅದು ಪಟಪಟ ಚೂರಾಗಿ ಸಿಡಿಯಿತು. ನನಗೂ ಕಂಡದ್ದು ಹೀಗೇ ಎಂದೆ. ಬಾಗಿಲು ತೆಗೆದೆ. ಬಿಸಿಲು ಬಿದ್ದು ಕಡ್ಡಿಗಳು ಕರಗಿದವು. ಮುಚ್ಚಿ, ತೆಗೆದು ಮತ್ತೊಮ್ಮೆ ತೋರಿಸಿದೆ. ಅವರು ಚಕ್ರವನ್ನು ನೋಡಿದರು, ಬಲ್ಬನ್ನು ನೋಡಿದರು, ಬಿಸಿಲನ್ನು ನೋಡಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರು ಅಳುವುದನ್ನು ಕಂಡೆ, ಸಮಾಧಾನದ ಅಳು. ನನ್ನ ಕಣ್ಣು ಸರೀಗದೆ, ನನ್ನ ತಲೆ ಸರೀಗದೆ ಎಂದು ತಮಗೆ ತಾವೇ ಹೇಳಿಕೊಂಡರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಈಗಷ್ಟೇ ಗೊತ್ತಾಯಿತು ಎಂದಿದ್ದರೆ ನಂಬುತ್ತಿದ್ದರು. ಆದರೆ ಮಿಷನ್ನು ಆರಿಸಿ, ಚಕ್ರ ತಾನಾಗಿ ನಿಲ್ಲುವವರೆಗೆ ಕಾದು, ಬೀಗದ ಕೈಯನ್ನು ಅವರ ಎಡಗೈಯಲ್ಲಿಟ್ಟು ಎಲ್ಲ ಹೇಳಿದೆ. ಬಲ್ಬು ಹಾಕಿದ್ದಷ್ಟೇ ಅಲ್ಲ, ಅವರು ಕಾಫಿ ತಂದ ದಿನವೇ ನನಗೆ ತಿಳಿದದ್ದು, ಬಲ್ಬು ಬದಲಾಯಿಸಿ ಬಾಯಿ ಮುಚ್ಚಿಕೊಂಡದ್ದು, ಎಂಟು ದಿನ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಬಯ್ಯುತ್ತಾರೆ ಎಂದುಕೊಂಡೆ. ಅವರ ಬಾಯಿ ಗೊತ್ತಿದ್ದವರಿಗೆ ಬಯ್ಗುಳವೇ ಸುಲಭ.

"ಗೋಡೆ ಇಡ್ಕೊಂಡು ಓಡಾಡ್ತಿದ್ನಲ್ಲಮ್ಮ," ಎಂದರು. "ನೀನು ನೋಡ್ತಿದ್ದೆ."

ಅಂದು ಸಂಜೆ ನಮ್ಮವರ ಮುಂದೆ ನಾನೇ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಸೋಮವಾರದ ಡಾಕ್ಟರಿಗೆ ನಮ್ಮವರೇ ಫೋನ್ ಮಾಡಿ, ಬರುವುದಿಲ್ಲ ಎಂದು ತಿಳಿಸಿದರು. ಅವರು ಅಟ್ಟದಿಂದ ತಗಡಿನ ಕವಚ ಇಳಿಸಿ ತುಕ್ಕು ಉಜ್ಜಿದರು, ಆದರೆ ಅದು ಇವತ್ತಿನ ಬೆಲ್ಟಿಗೆ ಹೊಂದಲಿಲ್ಲ. ಜಾಲರಿಯದೊಂದು ಹೊಸದು ಮಾಡಿಸಿ ಕೂರಿಸಿದೆವು. ಗೋಣಿತಾಟನ್ನು ಒಲೆಗೆ ಹಾಕಿದೆ. ಈಗ ಚಕ್ರ ತಾನೇ ನಿಲ್ಲುವವರೆಗೆ ಕಾಯುತ್ತೇವೆ, ಆಮೇಲೆ ಮಿಷನ್ನಿನ ಬಾಯಿ ತೆಗೆದು ಒಳಗೆ ಗುಡಿಸುತ್ತೇವೆ. ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ಅತ್ತೆ ಮಿಷನ್ನಿಗೆ ವಾಪಸು ಬಂದರು. ಎರಡು ಬೆರಳು ಪೂರ್ತಿ ಮಡಿಯುವುದಿಲ್ಲ, ಆದರೂ ಹಿಟ್ಟು ಉಜ್ಜಿ ನೋಡುವುದು ಅವರೇ. ಹಳದಿ ಬಲ್ಬು ಉರಿಯುತ್ತದೆ. ಕವಚದ ಜಾಲರಿಯಲ್ಲಿ ಚಕ್ರ ನಿಂತದ್ದು ಸ್ಪಷ್ಟವಾಗಿ ಕಾಣುತ್ತದೆ, ಅವರಿಗೂ ಕಾಣುತ್ತದೆ. ಆದರೂ ಪ್ರತಿ ಸಲ ಒಳಗೆ ಕೈಹಾಕುವ ಮುಂಚೆ ನನ್ನ ಕಡೆ ತಿರುಗಿ, ನಿಂತದೇನಮ್ಮ ಎಂದು ಕೇಳುತ್ತಾರೆ. ಮನೆಯಲ್ಲಿ ಬೇರೆ ಯಾರನ್ನೂ ಕೇಳುವುದಿಲ್ಲ, ನನ್ನನ್ನೇ. ನಾನು ಹಿಂದಿನ ಬಾಗಿಲು ತೆಗೆದು, ಬಿಸಿಲಿನಲ್ಲಿ ಇನ್ನೊಮ್ಮೆ ನೋಡಿ, ನಿಂತಿದೆ ಅತ್ತೆ ಎನ್ನುತ್ತೇನೆ. ನಾನು ಹೇಳುವವರೆಗೆ ಅವರು ಕೈ ಚಾಚುವುದಿಲ್ಲ.